ಅಂಗಳದೊಳಗಿನ ವಿಜಯನಗರ

ಹಂಪಿಗೆ ಹೋದವರಲ್ಲಿ ಹಲವರು ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯವನ್ನು ನೋಡದೆಯೇ ಮರಳುತ್ತಾರೆ. ನೋಡಿದವರು ಅದರ ಅಂಗಳದಲ್ಲಿರುವ ವಿಜಯನಗರದ ಮಾದರಿಯನ್ನು ಬೇಗ ಮರೆಯುವುದಿಲ್ಲ. ಬಂಡೆಗುಡ್ಡಗಳು, ತುಂಗಭದ್ರೆ, ಕೋಟೆಗೋಡೆಗಳು, ದೇವಾಲಯಗಳು ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ರಾಜಧಾನಿಗೆ ಈ ಜಾಗವನ್ನೇ ಏಕೆ ಆರಿಸಿದರೆಂಬುದು ದಿನವಿಡೀ ಬಿಸಿಲಿನಲ್ಲಿ ಅಲೆದರೂ ಹೊಳೆಯದಿರಬಹುದು. ಇಲ್ಲಿ ಐದು ನಿಮಿಷದಲ್ಲಿ ಹೊಳೆಯುತ್ತದೆ. ನದಿ ಮತ್ತು ಗುಡ್ಡಗಳೇ ಅರ್ಧ ಕೋಟೆಯನ್ನು ಕಟ್ಟಿಕೊಟ್ಟಿವೆ.

ಇಷ್ಟು ಮೆಚ್ಚಿಕೊಂಡ ಮೇಲೆ, ಪುಸ್ತಕವೊಂದಕ್ಕೆ ಕೇಳುವ ಪ್ರಶ್ನೆಯನ್ನು ಮಾದರಿಗೂ ಕೇಳಬೇಕಾಗುತ್ತದೆ. ಇದು ಏನನ್ನು ಆರಿಸಿಕೊಂಡಿದೆ, ಏನನ್ನು ಬಿಟ್ಟಿದೆ?

1443ರಲ್ಲಿ ಹೆರಾತಿನ ಶಾರೂಖನ ರಾಯಭಾರಿಯಾಗಿ ಬಂದ ಅಬ್ದುರ್ರಝಾಕ್ ಕಂಡದ್ದು ಸಾಲುಸಾಲು ಅಂಗಡಿಗಳನ್ನು, ಬಹಿರಂಗವಾಗಿ ರತ್ನ ಮಾರುವ ವರ್ತಕರನ್ನು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಬೀದಿಯೊಂದರ ತುದಿಯಲ್ಲಿದ್ದ ಮುಸ್ಲಿಮರ ಕೇರಿಯನ್ನು ಹೆಸರಿಸುತ್ತಾನೆ. ಅವರಲ್ಲಿ ಅನೇಕರು ಇದೇ ನೆಲದವರು, ರಾಯನ ಸಂಬಳದಲ್ಲಿ ಅವನ ಕಾವಲಿಗೆ ನಿಂತವರು. ಆದರೆ ಜನ ಬದುಕಿದ ಮಣ್ಣು, ಹುಲ್ಲಿನ ಮನೆಗಳು ಉಳಿಯಲಿಲ್ಲ, ಕಲ್ಲು ಉಳಿಯಿತು. ಉಳಿದದ್ದನ್ನಷ್ಟೇ ಕಿರಿದುಗೊಳಿಸಿದರೆ ದೇವರು ಮತ್ತು ದೊರೆ ಇಬ್ಬರೇ ವಾಸಿಸಿದ ಊರು ಕಾಣುತ್ತದೆ.

ಉಳಿದ ಕಲ್ಲೂ ಕಿರಿದಾದಾಗ ಸುಳ್ಳು ಹೇಳಬಲ್ಲದು. ಕಮಲಾಪುರದಿಂದ ತಳವಾರಘಟ್ಟಕ್ಕೆ ಹೋಗುವ ದಾರಿಯ ಬಳಿ ಅಹ್ಮದ್ ಖಾನನ ಮಸೀದಿಯಿದೆ. ಅದಕ್ಕೆ ಗುಮ್ಮಟವಿಲ್ಲ, ಮಿನಾರವಿಲ್ಲ. ಕಂಬಗಳ ಮೇಲೆ ಚಪ್ಪಟೆ ಮಾಡು, ಥೇಟ್ ಮಂಟಪದಂತೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಅರಸನ ಪುಣ್ಯಕ್ಕಾಗಿ ಇದನ್ನು ಕಟ್ಟಿಸಿದನು. ಅಲ್ಲಿಯ ಕನ್ನಡ ಶಾಸನ ಅದನ್ನು ಕರೆಯುವುದು ಧರ್ಮಶಾಲೆ ಎಂದೇ. ಬೆರಳಗಲಕ್ಕೆ ಇಳಿಸಿದರೆ ಇದು ನೂರು ಮಂಟಪಗಳಲ್ಲಿ ಇನ್ನೊಂದು. ಅತ್ತ ಗುಮ್ಮಟಗಳ ಸಾಲಿರುವ ಆನೆಲಾಯ ಮಾತ್ರ ಎಷ್ಟು ಚಿಕ್ಕದಾದರೂ ಕಣ್ಣಿಗೆ ಬೀಳುತ್ತದೆ, 'ಇಸ್ಲಾಮೀ ಶೈಲಿ' ಎಂಬ ಮಾತೂ ಕೂಡಲೇ ಬಾಯಿಗೆ ಬರುತ್ತದೆ. ಅರಸನ ಆನೆಗಳಿಗೆ ಗುಮ್ಮಟ, ಮುಸ್ಲಿಮರ ನಮಾಝಿಗೆ ಮಂಟಪ! ಆ ನಗರದ ಬಗ್ಗೆ ಇದಕ್ಕಿಂತ ಸೊಗಸಾದ ಸಂಗತಿ ಇನ್ನೊಂದಿಲ್ಲ. ಆಕಾರವೊಂದನ್ನೇ ನಂಬುವ ಮಾದರಿಯಲ್ಲಿ ಮೊದಲು ಕಳೆದುಹೋಗುವುದೂ ಇದೇ. ಶಾಸನದ ನಾಲ್ಕು ಮಾತನ್ನು ಪಕ್ಕದಲ್ಲಿ ಬರೆದಿಟ್ಟರಷ್ಟೇ ಇದಕ್ಕೆ ಪರಿಹಾರ.

ಇನ್ನು ಕಾಲದ ಆಯ್ಕೆ. ಜೆರುಸಲೇಮಿನ ಒಂದು ಪ್ರಸಿದ್ಧ ಮಾದರಿ 1966ರಲ್ಲಿ ಹೋಟೆಲೊಂದರ ಆವರಣದಲ್ಲಿ ಸಿದ್ಧವಾಗಿ, 2006ರಲ್ಲಿ ಇಸ್ರೇಲ್ ಮ್ಯೂಸಿಯಮ್ಮಿಗೆ ಹೋಯಿತು. ಅದು ತೋರಿಸುವುದು ಕ್ರಿ.ಶ. 66ರ ಊರನ್ನು. ಆ ವರ್ಷದಲ್ಲಿ ಮಸ್ಜಿದುಲ್ ಅಕ್ಸಾ ಇರಲು ಸಾಧ್ಯವಿಲ್ಲ. ಲೆಕ್ಕ ಸರಿಯೇ ಇದೆ. ಆದರೆ ವರ್ಷವನ್ನು ಆರಿಸಿದವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ತರಗುಪೇಟೆಯಲ್ಲಿ ಕುಳಿತು ಬರೆಯುವ ನಮಗೆ ಇದು ದೂರದ ಮಾತಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿದ ರಾಜಧಾನಿಗೆ ಇಂಥದೊಂದು ಮಾದರಿ ಮಾಡುವುದಾದರೆ ಯಾವ ವರ್ಷವನ್ನು ಆರಿಸುತ್ತೇವೆ? 1537 ಎಂದರೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾ ಇಲ್ಲ, ಹೈದರಾಲಿಯ ಕಲ್ಲಿನ ಕೋಟೆಯೂ ಇಲ್ಲ. 1791 ಎಂದರೆ ಸಾಮಗ್ರಿ ಹೇರಳ. ಕಾರ್ನ್‌ವಾಲಿಸ್‌ನ ಸೈನ್ಯ ಆ ಮಾರ್ಚಿಯಲ್ಲಿ ಮೊದಲು ಪೇಟೆಯನ್ನು, ಎರಡು ವಾರಗಳಲ್ಲಿ ಕೋಟೆಯನ್ನು ಹಿಡಿಯಿತು. ನಕಾಶೆಗಳಾದವು, ರಾಬರ್ಟ್ ಹೋಮ್‌ನಂಥವರು ಚಿತ್ರ ಬರೆದರು. ಆದರೆ ಕೋಟೆ ಹಿಡಿಯಲು ಬಂದವನ ಕಣ್ಣಿಗೆ ಮುಖ್ಯವಾದದ್ದು ಕಂದಕ, ಬುರುಜು, ಬಾಗಿಲು, ಪೇಟೆಯ ಸುತ್ತಲಿನ ಮುಳ್ಳುಬೇಲಿ. ದವಸದ ಮೂಟೆ ಇಳಿಸುವ ಹಮಾಲನನ್ನು ಅವನೇಕೆ ಬರೆದುಕೊಂಡಾನು? ಅಕ್ಕಿಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಎಂದು ಕಸುಬು, ಸರಕುಗಳಿಂದಲೇ ಹೆಸರು ಪಡೆದ ಊರನ್ನು ಬುರುಜು ಎಣಿಸಿ ತೋರಿಸುವುದು ಹೇಗೆ?

ಕೋಟೆಯಲ್ಲಿ ಇಂದು ಉಳಿದಿರುವುದು ದೆಹಲಿ ಬಾಗಿಲಿನ ಸುತ್ತಲ ತುಣುಕಷ್ಟೇ; ಪೇಟೆಯ ಬೀದಿಗಳು ಬಹುಪಾಲು ಹಳೆಯ ಜಾಡಿನಲ್ಲೇ ಇವೆ. ಹಾಗಾಗಿ ಬೆಂಗಳೂರಿನ ಮಾದರಿ ಬೀದಿಗಳಿಂದ ಶುರುವಾಗಲಿ. ಒಂದು ವರ್ಷಕ್ಕೆ ಗಂಟುಬೀಳದೆ ಹಲವು ಕಾಲಗಳನ್ನು ಬೇರೆಬೇರೆ ಬಣ್ಣದಲ್ಲಿ ತೋರಿಸಲಿ. ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಕರಗದ ದಾರಿಯನ್ನು ಸಣ್ಣ ದೀಪಗಳಲ್ಲಿ ಎಳೆಯಲಿ. ಕರಗ ಬಂದು ನಿಲ್ಲುವ ಮಸ್ತಾನ್ ಸಾಹೇಬರ ದರ್ಗಾದಲ್ಲೂ ಒಂದು ದೀಪ ಉರಿಯಲಿ.