ಸಡಿಲ ಕಡ್ಡಿಯೇ ಮೊದಲು ಮುರಿಯುವುದು

ಕೆಜಿಎಫ್‌ನ ಕೋರಮಂಡಲ್ ರೈಲು ನಿಲ್ದಾಣದಿಂದ ಮೌಂಟನ್ ಬೈಕ್ ಏರಿ ಹೊರಟವರಿಗೆ ಮೊದಲು ಎದುರಾಗುವುದು ಬೆಟ್ಟವಲ್ಲ, ಬಳ್ಳಾರಿ ಜಾಲಿಯ ಮುಳ್ಳು. ಅದನ್ನು ದಾಟಿದರೆ ಬೆಣಚುಕಲ್ಲಿನ ಚೂರು. ಕೆಜಿಎಫ್‌ನ ಚಿನ್ನ ಅಡಗಿದ್ದುದೇ ಬೆಣಚಿನ ಪದರಗಳಲ್ಲಿ. ಒಡೆದು ಬಿದ್ದ ಅದರ ಅಂಚು ಚಾಕುವಿನಷ್ಟೇ ಹರಿತ, ಟೈರಿನ ಪಕ್ಕೆಯನ್ನು ಸೀಳಿಬಿಡುತ್ತದೆ. ಅಂತರಗಂಗೆಯ ಕಡೆಗೋ ಟೇಕಲ್‌ನ ಗುಂಡುಗಳ ಕಡೆಗೋ ತಿರುಗಿದರೆ ಹಾಸುಬಂಡೆ, ಮೇಲೆ ಉದುರು ಜಲ್ಲಿ, ನಡುವೆ ಮಳೆನೀರು ಕೊರೆದ ಕೊರಕಲು. ಕೆಸರು ಅಪರೂಪ. ವರ್ಷಪೂರ್ತಿ ಹರಿಯುವ ನದಿಯೇ ಇಲ್ಲದ ಜಿಲ್ಲೆಯಿದು. ಯುರೋಪಿನ ಒದ್ದೆ ಕಾಡಿಗೆಂದು ರೂಪಿಸಿದ ಸೈಕಲ್ಲನ್ನು ಇಲ್ಲಿಗೆ ಹಾಗೆಯೇ ತಂದರೆ ಅರ್ಧ ಹೊಂದುತ್ತದೆ, ಇನ್ನರ್ಧ ನಾವೇ ಹೊಂದಿಸಿಕೊಳ್ಳಬೇಕು.

ಹೊಂದಿಸುವುದು ಅಂದಕೂಡಲೇ ಕೊಳ್ಳುವವರ ಕಣ್ಣು ಹೋಗುವುದು ಫೋರ್ಕಿನ ಮೇಲೆ. ಶೋರೂಮಿನಲ್ಲಿ ಹ್ಯಾಂಡಲ್ ಹಿಡಿದು ಎರಡು ಸಲ ಒತ್ತಿ, ಅದು ಕುಣಿದರೆ ಸಾಕು, ಮನಸ್ಸೂ ಕುಣಿಯುತ್ತದೆ. ಆಮೇಲೆ ಗೇರ್ ಎಷ್ಟು ಎಂಬ ಲೆಕ್ಕ. ಚಕ್ರದ ಬಗ್ಗೆ ಕೇಳುವವರು ನೂರಕ್ಕೊಬ್ಬರು. ಈ ಅಂಕಣದ ಪಕ್ಷಪಾತ ಮೊದಲೇ ಹೇಳಿಬಿಡಬೇಕು: ಅಗ್ಗದ ಸೈಕಲ್ಲಿನ ಕುಣಿಯುವ ಫೋರ್ಕ್ ಬರೀ ಭಾರ, ಅದರ ಹಿಂದಿನ ಸ್ಪ್ರಿಂಗ್ ಅದಕ್ಕಿಂತ ದಂಡ. ಕೈಯಲ್ಲಿ ಹೆಚ್ಚುವರಿ ಎಂಟು ಹತ್ತು ಸಾವಿರ ಇದ್ದರೆ ಅದು ಹೋಗಬೇಕಾದ್ದು ಚಕ್ರಕ್ಕೆ, ಟೈರಿಗೆ. ಚಕ್ರವನ್ನು ನಾವೇ ಕಟ್ಟಿದರಂತೂ ಅದೇ ದುಡ್ಡು ಇನ್ನೂ ದೂರ ಬರುತ್ತದೆ.

ಕಾರಣ ಬೆರಳ ತುದಿಯಲ್ಲೇ ಗೊತ್ತಾಗುತ್ತದೆ. ಹೊಸ ಸೈಕಲ್ಲಿನ ಹಿಂದಿನ ಚಕ್ರದಲ್ಲಿ ಅಕ್ಕಪಕ್ಕದ ಎರಡು ಕಡ್ಡಿಗಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಚುಕಿ ನೋಡಿ. ಕಾರ್ಖಾನೆಯ ಯಂತ್ರ ಅವಸರದಲ್ಲಿ ಕಟ್ಟಿದ ಚಕ್ರವಾದರೆ ಒಂದು ಜೋಡಿ ಕಲ್ಲಿನಂತೆ ನಿಂತಿರುತ್ತದೆ, ಅದರ ಪಕ್ಕದ ಜೋಡಿ ಸುಲಭವಾಗಿ ಬಾಗುತ್ತದೆ. ತಿರುಗಿಸಿದರೆ ರಿಮ್ ನೇರವಾಗಿಯೇ ಓಡಬಹುದು, ಅದರಿಂದ ಮೋಸಹೋಗಬಾರದು. ರಿಮ್ ನೇರ ಇರುವುದು ಬೇರೆ, ಕಡ್ಡಿಗಳು ಸಮನಾಗಿ ಬಿಗಿಯಾಗಿರುವುದು ಬೇರೆ. ಎರಡು ತಿಂಗಳು ಜಲ್ಲಿಯ ಮೇಲೆ ಓಡಿಸಿದ ಮೇಲೆ ‘ಟಣ್’ ಎಂದು ಒಂದು ಕಡ್ಡಿ ತುಂಡಾಗುತ್ತದೆ, ಮರುವಾರ ಇನ್ನೊಂದು. ಅಂಗಡಿಗೆ ಹೋದರೆ ‘ತುಂಬಾ ಟೈಟ್ ಆಗಿತ್ತಣ್ಣ, ಅದಕ್ಕೇ ಕಟ್ ಆಯ್ತು’ ಎಂಬ ಸಮಾಧಾನ ಸಿಗುತ್ತದೆ.

ಸಾಮಾನ್ಯವಾಗಿ ನಡೆದಿರುವುದು ಅದರ ತದ್ವಿರುದ್ಧ.

ಕೆಜಿಎಫ್‌ನವರಿಗೆ ಇದನ್ನು ವಿವರಿಸುವುದು ಬೇರೆ ಊರಿನವರಿಗಿಂತ ಸುಲಭ. ಚಾಂಪಿಯನ್ ರೀಫ್‌ನ ಗಿಫರ್ಡ್ ಷಾಫ್ಟಿನಂಥ ಬಾವಿಗಳ ಮೇಲೆ ನಿಂತಿದ್ದ ಗಾಲಿಗಳ ಮೇಲಿಂದ ಉಕ್ಕಿನ ಹಗ್ಗ ಇಳಿಯುತ್ತಿತ್ತು, ಅದರ ತುದಿಯಲ್ಲಿ ಪಂಜರ. 3 ಕಿಲೋಮೀಟರ್ ಮೀರಿದ ಆಳದ ಆ ಗಣಿಗೆ ಜನ ಇಳಿದು ಹತ್ತುತ್ತಿದ್ದುದು ಅಂಥ ಹಗ್ಗಗಳ ಮೇಲಿನ ನಂಬಿಕೆಯಿಂದ. ಹಗ್ಗ ಎಳೆಯಬಲ್ಲದು, ತಳ್ಳಲಾರದು. ಸಡಿಲಬಿಟ್ಟು ಮತ್ತೆ ಜಗ್ಗಿದರೆ ಅಪಾಯ. ಸೈಕಲ್ ಕಡ್ಡಿಯ ಜಾಯಮಾನವೂ ಅದೇ. 2 ಮಿಲಿಮೀಟರ್ ದಪ್ಪದ ತಂತಿ ಸವಾರನ ಭಾರವನ್ನು ಕಂಬದಂತೆ ಹೊರಲಾರದು. ಮೊದಲೇ ಜಗ್ಗಿ ಬಿಗಿದಿರುವುದರಿಂದ ಮಾತ್ರ ಹೊರುತ್ತದೆ. 32 ಕಡ್ಡಿಯ ಚಕ್ರದಲ್ಲಿ ಒಂದೊಂದನ್ನೂ 100 ಕಿಲೋ ಎಳೆತಕ್ಕೆ ಬಿಗಿದರೆ ರಿಮ್ಮನ್ನು ಒಳಕ್ಕೆ ಎಳೆಯುವ ಬಲಗಳ ಮೊತ್ತ 3,200 ಕಿಲೋ.

ಅಮೆರಿಕದ ಎಂಜಿನಿಯರ್ ಜಾಬ್ಸ್ಟ್ ಬ್ರಾಂಟ್ 1981ರಲ್ಲಿ ಸೈಕಲ್ ಚಕ್ರದ ಬಗ್ಗೆಯೇ ಒಂದು ಪುಸ್ತಕ ಬರೆದರು. ಚಕ್ರ ಕಟ್ಟುವವರು ಇವತ್ತಿಗೂ ಅದನ್ನು ಬಿಟ್ಟಿಲ್ಲ. ಸವಾರ ಕೂತಾಗ ಮೇಲಿನ ಕಡ್ಡಿಗಳ ಬಿಗಿ ಹೆಚ್ಚುಕಡಿಮೆ ಇದ್ದಂತೆಯೇ ಇರುತ್ತದೆ, ನೆಲಕ್ಕೆ ತಾಗಿದ ಕಡೆಯ ಕೆಲವು ಕಡ್ಡಿಗಳ ಬಿಗಿ ಮಾತ್ರ ಇಳಿಯುತ್ತದೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಚಕ್ರ ಉರುಳಿದಂತೆ ಪ್ರತಿ ಕಡ್ಡಿಯೂ ಸುತ್ತಿಗೊಮ್ಮೆ ಹೀಗೆ ಇಳಿದು ಏರುತ್ತದೆ. ಸಾಕಷ್ಟು ಬಿಗಿ ಇದ್ದರೆ ಈ ಏರಿಳಿತ ಲೆಕ್ಕಕ್ಕಿಲ್ಲ. ಮೊದಲೇ ಸಡಿಲವಿದ್ದ ಕಡ್ಡಿಯಾದರೆ ಬಂಡೆಯಿಂದ ಧುಮುಕಿದಾಗ ಪೂರಾ ಸಡಿಲವಾಗಿ, ಹಬ್‌ನ ತೂತಿನಲ್ಲಿ ಅದರ ಮೊಣಕೈ, ಅಂದರೆ ಬಾಗಿದ ತುದಿ, ಅಲುಗಾಡುತ್ತದೆ. ಕಡ್ಡಿಯನ್ನು ರಿಮ್ಮಿಗೆ ಬಿಗಿದ ತಿರುಪು, ನಿಪ್ಪಲ್, ತಾನಾಗಿಯೇ ಬಿಚ್ಚಿಕೊಳ್ಳತೊಡಗುತ್ತದೆ. ಸಾವಿರಾರು ಸುತ್ತು ಹೀಗೆ ಅಲುಗಿದ ಲೋಹ ದಣಿದು ಒಂದು ದಿನ ಮುರಿಯುತ್ತದೆ. ಮುರಿದದ್ದು ಹೆಚ್ಚಾಗಿ ಮೊಣಕೈ ಹತ್ತಿರವೇ ಇರುತ್ತದೆ, ನೋಡಿ.

ಕಡ್ಡಿಗಳು ಅಡ್ಡಡ್ಡ ಹಾಯುವುದಕ್ಕೂ ಕಾರಣವಿದೆ. ಕೋವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಕಡ್ಡಿಗಳನ್ನು ಹಬ್‌ನಿಂದ ನೇರ ಹೊರಡಿಸದೆ ಓರೆಯಾಗಿ ಹೊರಡಿಸುವ ಪೇಟೆಂಟ್ ಪಡೆದ. ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿ ಗಣಿಗಾರಿಕೆಗೆ ಕೈಹಾಕುವ ಹೊತ್ತಿಗೆ ಸೈಕಲ್ ಚಕ್ರದ ಮುಖ್ಯ ಸಮಸ್ಯೆ ಬಗೆಹರಿದೇ ಹೋಗಿತ್ತು ಎನ್ನಬೇಕು. ತುಳಿತದ ತಿರುಚು ಬಲ ಹಬ್‌ನಿಂದ ರಿಮ್ಮಿಗೆ ಹೋಗಬೇಕಾದರೆ ಓರೆ ಕಡ್ಡಿ ಬೇಕೇ ಬೇಕು. ಡಿಸ್ಕ್ ಬ್ರೇಕ್ ಬಂದಮೇಲೆ ಮುಂದಿನ ಚಕ್ರಕ್ಕೂ ಅದೇ ನಿಯಮ, ಬ್ರೇಕಿನ ಬಲವೂ ಹಬ್‌ನಿಂದಲೇ ಹೊರಡುವುದರಿಂದ.

ಊರಿನ ಸೈಕಲ್ ಶಾಪ್‌ಗಳಿಗೆ ಈ ವಿದ್ಯೆ ಹೊಸದಲ್ಲ. ಹಾಲಿನ ಕ್ಯಾನು ಹೊತ್ತ ಕಪ್ಪು ಸೈಕಲ್ಲಿನ ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಭಾರ ಬೀಳುವ ಕಡೆ ಕಡ್ಡಿ ಹೆಚ್ಚು. ಮಾರುಕಟ್ಟೆಯ ಅನೇಕ ಮೌಂಟನ್ ಬೈಕ್‌ಗಳಿಗೂ ಈ ವಿವೇಕವಿಲ್ಲ, ಹಿಂದೆ ಮುಂದೆ ಒಂದೇ ಎಣಿಕೆ. ಹಳೆಯ ಕೈಗಳು ಚಪ್ಪಟೆ ರಿಮ್ಮಿನ ಬೆಂಡ್ ತೆಗೆಯುವುದನ್ನು ನಿಂತು ನೋಡಿದರೆ ಪುಸ್ತಕದಲ್ಲಿ ಸಿಗದ್ದು ಸಿಗುತ್ತದೆ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟದ್ದರಿಂದ ಗುಜರಿ ಅಂಗಡಿಗಳಲ್ಲಿ ಹಳೆಯ ಚಕ್ರಗಳಿಗೆ ಬರವಿಲ್ಲ. ಮೊದಲ ಸಲ ಕಟ್ಟುವವರು ಅಂಥದ್ದೊಂದನ್ನು ತಂದು ಪೂರ್ತಿ ಬಿಚ್ಚಿ ಮತ್ತೆ ಕಟ್ಟುವುದು ಒಳ್ಳೆಯ ಅಭ್ಯಾಸ. ದುಬಾರಿ ರಿಮ್ಮಿನ ಮೇಲೆ ಕೈ ಪಳಗಿಸುವುದು ಬೇಡ.

ಸಾಮಾನು ಆರಿಸುವಾಗ ಶುರು ಹಬ್‌ನಿಂದ. ಅಗ್ಗದ ಸೈಕಲ್ಲುಗಳಲ್ಲಿ ಹಲ್ಲಿನ ಚಕ್ರಗಳ ಗೊಂಚಲನ್ನು ಹಬ್‌ಗೆ ತಿರುಪಿ ಕೂರಿಸಿರುತ್ತಾರೆ. ಹಾಗೆ ಮಾಡಿದಾಗ ಬಲಗಡೆಯ ಬೇರಿಂಗ್ ಫ್ರೇಮಿನಿಂದ ಬಹಳ ಒಳಗೆ ಉಳಿದು, ನಡುವೆ ಆಧಾರವಿಲ್ಲದ ಅಚ್ಚು ಬಾಗುತ್ತದೆ. ಶಿಮಾನೋ ಕಂಪನಿ 1978ರಲ್ಲಿ ತಂದ ಫ್ರೀಹಬ್ ಬೇರಿಂಗನ್ನು ಹೊರಅಂಚಿಗೆ ಸರಿಸಿ ಆ ಪೀಡೆ ಕಳೆಯಿತು. ಎಪ್ಪತ್ತು ಕಿಲೋ ತೂಗುವ ಸವಾರ ಬಂಡೆಯಿಂದ ಇಳಿಸುವ ಸೈಕಲ್ಲಿಗೆ ಫ್ರೀಹಬ್ ಕಡ್ಡಾಯ. ಈ ಆಟದ ಹುಟ್ಟೇ ಹಬ್‌ನ ಗೋಳಿನಲ್ಲಿದೆ ಎಂಬುದು ಬೇರೆ ಮಾತು: 1976ರಲ್ಲಿ ಕ್ಯಾಲಿಫೋರ್ನಿಯಾದ ಮರೀನ್ ಪ್ರಾಂತದ ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಬೆಟ್ಟದಿಂದ ಇಳಿಯುವ ಪಂದ್ಯ ಹೂಡಿದಾಗ ಹಬ್‌ನೊಳಗಿನ ಬ್ರೇಕ್ ಕಾದು ಗ್ರೀಸೆಲ್ಲ ಸುಟ್ಟು ಹೊಗೆಯಾಡುತ್ತಿತ್ತು, ಒಂದು ಇಳಿತಕ್ಕೊಮ್ಮೆ ಮತ್ತೆ ತುಂಬಬೇಕಿತ್ತು. ಆ ದಾರಿಗೆ ‘ರಿಪ್ಯಾಕ್’ ಎಂದೇ ಹೆಸರು ಬಿತ್ತು.

ರಿಮ್ ಒಳ ಅಗಲ 25ರಿಂದ 30 ಮಿಲಿಮೀಟರ್ ಇದ್ದರೆ 2.25 ಅಥವಾ 2.4 ಇಂಚಿನ ಟೈರ್ ಚೆನ್ನಾಗಿ ಕೂರುತ್ತದೆ. ಕಡ್ಡಿ ಬಟೆಡ್ ಇರಲಿ, ಅಂದರೆ ತುದಿಗಳಲ್ಲಿ 2 ಮಿಲಿಮೀಟರ್, ನಡುವೆ 1.8. ತೆಳ್ಳಗಿನ ನಡುಭಾಗ ಹೆಚ್ಚು ಹಿಗ್ಗುವುದರಿಂದ ಹೊಡೆತ ಬಿದ್ದಾಗ ಕಡ್ಡಿ ಬೇಗ ಸಡಿಲವಾಗುವುದಿಲ್ಲ. ತೆಳುವಾದದ್ದು ಹೆಚ್ಚು ಬಾಳುತ್ತದೆ ಎಂದರೆ ಅಂಗಡಿಯವರು ನಗುತ್ತಾರೆ, ನಗಲಿ. ನಿಪ್ಪಲ್ ಹಿತ್ತಾಳೆಯದೇ ಇರಬೇಕು. ಅಲ್ಯೂಮಿನಿಯಂ ನಿಪ್ಪಲ್ ಉಳಿಸುವ ಕೆಲವು ಗ್ರಾಂ ಯಾರಿಗೆ ಬೇಕು?

ಕಡ್ಡಿಯ ಉದ್ದ ಮಾತ್ರ ಅಂದಾಜಿನಲ್ಲಿ ಆಗದು. 29 ಇಂಚಿನ ಒಂದು ರಿಮ್ ತೆಗೆದುಕೊಳ್ಳೋಣ. ನಿಪ್ಪಲ್ ಕೂರುವ ಜಾಗದಲ್ಲಿ ಅದರ ವ್ಯಾಸ 600 ಮಿಲಿಮೀಟರ್. ಹಬ್‌ನ ಅಂಚಿನಲ್ಲಿ ತೂತುಗಳ ವೃತ್ತ 58, ಅಂಚುಗಳು ನಡುಗೆರೆಯಿಂದ ಎಡಕ್ಕೆ 34, ಬಲಕ್ಕೆ 20. 32 ಕಡ್ಡಿ, ಮೂರು ಅಡ್ಡಹಾಯಿ. ಲೆಕ್ಕ ಹಾಕಿದರೆ ಎಡಕ್ಕೆ ಸುಮಾರು 291, ಬಲಕ್ಕೆ ಒಂದೂಕಾಲು ಮಿಲಿಮೀಟರ್ ಕಡಿಮೆ. ಬಲಗಡೆ ಗೇರುಗಳಿಗೆ ಜಾಗ ಬಿಟ್ಟದ್ದರಿಂದ ಅಲ್ಲಿನ ಕಡ್ಡಿಗಳು ಕಡಿದಾಗಿ ನಿಂತಿವೆ, ಹಾಗಾಗಿ ಹೆಚ್ಚು ಬಿಗಿ ಬೇಕು. ಬಲಕ್ಕೆ 120 ಕಿಲೋ ಇಟ್ಟರೆ ಎಡಕ್ಕೆ ಉಳಿಯುವುದು 70ರ ಆಸುಪಾಸು. ಹಿಂದಿನ ಚಕ್ರದಲ್ಲಿ ಎಡಗಡೆಯ ಕಡ್ಡಿಗಳೇ ಏಕೆ ಮೊದಲು ಸಡಿಲವಾಗುತ್ತವೆ ಎಂಬುದಕ್ಕೆ ಉತ್ತರ ಈ ಎರಡು ಅಂಕಿಗಳಲ್ಲಿದೆ.

ಕಟ್ಟುವ ಕೆಲಸ ನಿಧಾನದ್ದು, ಕಷ್ಟದ್ದಲ್ಲ. ಬಲ ಅಂಚಿನ ಹದಿನಾರು ತೂತುಗಳಲ್ಲಿ ಒಂದು ಬಿಟ್ಟು ಒಂದಕ್ಕೆ ಎಂಟು ಕಡ್ಡಿ ಇಳಿಸಬೇಕು. ಮೊದಲನೆಯದು ವಾಲ್ವ್ ತೂತಿನ ಪಕ್ಕಕ್ಕೆ, ಉಳಿದವು ರಿಮ್ಮಿನ ಪ್ರತಿ ನಾಲ್ಕನೇ ತೂತಿಗೆ. ಎಡಗಡೆಯಿಂದ ಇನ್ನೆಂಟು. ಈಗ ಹಬ್ಬನ್ನು ಕೈಯಲ್ಲಿ ಹಿಡಿದು ತಿರುವಿದರೆ ಅಲ್ಲಿಯವರೆಗೆ ಜೋತಾಡುತ್ತಿದ್ದ ಹದಿನಾರೂ ಒಂದೇ ದಿಕ್ಕಿಗೆ ಓರೆಯಾಗಿ ನಿಲ್ಲುತ್ತವೆ. ಉಳಿದ ಹದಿನಾರು ಎದುರು ದಿಕ್ಕಿಗೆ. ಪ್ರತಿಯೊಂದೂ ತನ್ನ ಕಡೆಯ ಎರಡು ಕಡ್ಡಿಗಳ ಹೊರಗಿನಿಂದ ಹಾದು, ಮೂರನೆಯದರ ಒಳಗೆ ನುಸುಳಿ ರಿಮ್ ಸೇರಬೇಕು. ವಾಲ್ವ್ ತೂತು ಹೆಚ್ಚುಕಡಿಮೆ ಸಮಾನಾಂತರವಾದ ಎರಡು ಕಡ್ಡಿಗಳ ನಡುವೆ ಬಿದ್ದಿದ್ದರೆ ಸರಿಯಾಗಿದೆ ಎಂದರ್ಥ. ಇಲ್ಲದಿದ್ದರೆ ಪಂಪಿನ ಬಾಯಿ ಹಿಡಿಸುವುದಿಲ್ಲ.

ಬಿಗಿಯುವಾಗ ಕಾಲು ಸುತ್ತಿಗಿಂತ ಹೆಚ್ಚು ಬೇಡ. ನಿಪ್ಪಲ್‌ನ ಒಂದು ಪೂರ್ತಿ ಸುತ್ತಿಗೆ ಕಡ್ಡಿ ಸರಿಯುವುದು 0.45 ಮಿಲಿಮೀಟರ್ ಅಷ್ಟೆ. ಬಿಗಿ ಅಳೆಯುವ ಮೀಟರ್ ಇಲ್ಲದವರಿಗೆ ಕಿವಿಯಿದೆ. ಕಡ್ಡಿಯನ್ನು ಉಗುರಿನಿಂದ ಮೀಟಿದರೆ ಸ್ವರ ಹೊರಡುತ್ತದೆ. ಒಂದೇ ಕಡೆಯ, ಒಂದೇ ಬಗೆಯ ಕಡ್ಡಿಗಳು ಒಂದೇ ಶ್ರುತಿಯಲ್ಲಿ ನುಡಿಯಬೇಕು. ಸ್ವರ ಒಂದು ಸ್ಥಾನ ಏರಿದರೆ ಬಿಗಿ ಸುಮಾರು ನೂರಕ್ಕೆ 12 ಹೆಚ್ಚಿದೆಯೆಂದೇ ಲೆಕ್ಕ, ತಾರಷಡ್ಜಕ್ಕೆ ಏರಿದರೆ ನಾಲ್ಕು ಪಟ್ಟು. ಮೇಲಿನ ಉದಾಹರಣೆಯ ಚಕ್ರದಲ್ಲಿ ಎಡಗಡೆಯದು ಷಡ್ಜವಾದರೆ ಬಲಗಡೆಯದು ಶುದ್ಧ ಮಧ್ಯಮಕ್ಕೆ ತುಸು ಕೆಳಗೆ ನಿಲ್ಲುತ್ತದೆ. ಸಂಗೀತ ಕಲಿತವರಿಗೆ ಇಲ್ಲಿ ಅನುಕೂಲ ಹೆಚ್ಚು, ಅವರಲ್ಲಿ ಸೈಕಲ್ ರಿಪೇರಿಗೆ ಇಳಿಯುವವರು ಮಾತ್ರ ಕಡಿಮೆ.

ಕೊನೆಗೆ ಒಂದು ಒರಟು ಕೆಲಸ ಉಳಿದಿದೆ. ಕೈಗವಸು ತೊಟ್ಟು, ಸಮಾನಾಂತರ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಬಲವಾಗಿ ಹಿಚುಕಬೇಕು. ಮೊಣಕೈಗಳು ಹಬ್‌ನಲ್ಲಿ ಸರಿಯಾಗಿ ಕೂರುತ್ತವೆ, ಲೋಹದೊಳಗೆ ಉಳಿದ ಒತ್ತಡ ಇಳಿಯುತ್ತದೆ. ಇದನ್ನು ಬಿಟ್ಟವರ ಚಕ್ರ ಮೊದಲ ಸವಾರಿಯಲ್ಲೇ ಟಿಕ್ ಟಿಕ್ ಎನ್ನುತ್ತ ಔಟ್ ಆಗುತ್ತದೆ.

ಇನ್ನು ಮುಳ್ಳಿನ ವಿಚಾರ. ಟ್ಯೂಬ್ ಇಟ್ಟುಕೊಂಡು ಜಾಲಿಯ ಜೊತೆ ಹೋರಾಡಿ ಗೆದ್ದವರಿಲ್ಲ. ರಿಮ್ಮಿಗೆ ಟೇಪ್ ಸುತ್ತಿ, ಟ್ಯೂಬ್ ತೆಗೆದು, ರಬ್ಬರ್ ಹಾಲಿನ ಸೀಲೆಂಟ್ ಸುರಿದರೆ ಸಣ್ಣ ತೂತುಗಳು ಓಡುತ್ತಲೇ ಮುಚ್ಚಿಕೊಳ್ಳುತ್ತವೆ. ನಮ್ಮ ಬೇಸಿಗೆಯಲ್ಲಿ ಅದು ಬೇಗ ಒಣಗುತ್ತದೆ, ಒಂದೆರಡು ತಿಂಗಳಿಗೊಮ್ಮೆ ಅಲುಗಿಸಿ ನೋಡಬೇಕು. ಗಾಳಿಯೂ ಅತಿ ಬೇಡ. ಪಂಕ್ಚರ್ ಅಂಗಡಿಯಲ್ಲಿ 45 ಪಿಎಸ್‌ಐ ತುಂಬಿ ಬೆನ್ನು ತಟ್ಟಿ ಕಳಿಸುತ್ತಾರೆ. ಎಪ್ಪತ್ತು ಕಿಲೋದವರಿಗೆ ಉದುರು ಜಲ್ಲಿಯಲ್ಲಿ 20ರಿಂದ 24 ಸಾಕು, ಟೈರ್ ನೆಲವನ್ನು ಕಚ್ಚಿಕೊಳ್ಳುತ್ತದೆ.

ಕಟ್ಟಿದ ಚಕ್ರ ಎಲ್ಲಿ ಓಡಬಾರದು ಎಂಬುದನ್ನೂ ಹೇಳಬೇಕು. ಸಿನಿಮಾದಲ್ಲಿ ಕಂಡ ಸೈನೈಡ್ ದಿಬ್ಬಗಳು ದೂರದಿಂದ ಸವಾರರನ್ನು ಕರೆಯುತ್ತವೆ. 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಗಣಿಪುಡಿ ಬಿದ್ದಿದೆ, ಚಿನ್ನ ತೆಗೆಯಲು ಸೈನೈಡ್ ಬಳಸಿ ಉಳಿದ ಕಸ ಅದು. ಟೈರ್ ಎಬ್ಬಿಸುವ ಆ ನುಣ್ಣನೆ ಧೂಳು ಸವಾರನ ಪುಪ್ಪುಸಕ್ಕೂ ಹೋಗುತ್ತದೆ, ಕೆಳಗಿನ ಮನೆಗಳಿಗೂ ಹೋಗುತ್ತದೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಇಲ್ಲಿನವರು ಉಸಿರಾಡುತ್ತಿರುವ ಧೂಳಿಗೆ ಸೈಕಲ್ಲಿನವರು ಇನ್ನಷ್ಟು ಸೇರಿಸುವುದು ಬೇಡ. ಅಂತರಗಂಗೆ, ತೇರಹಳ್ಳಿಯ ಬಂಡೆಗಳು ಹತ್ತಿರದಲ್ಲೇ ಇವೆ.

ಬಿಡಿಭಾಗಗಳಿಗೆ ಬೆಂಗಳೂರೇ ಗತಿ. ದಿನವೂ ಮಾರಿಕುಪ್ಪಂ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುವ ಸಾವಿರಾರು ಜನರಲ್ಲಿ ಒಬ್ಬರಿಗೆ ಹೇಳಿದರೆ ಕಡ್ಡಿಯ ಕಟ್ಟು ಸಂಜೆಗೆ ಮನೆ ಸೇರುತ್ತದೆ. ಒಂದಕ್ಕೆ ಮಾತ್ರ ಅಷ್ಟು ದೂರ ಹೋಗಬೇಕಿಲ್ಲ. ಇತ್ತೀಚಿನ ಹಬ್‌ಗಳ ಸೀಲ್ಡ್ ಬೇರಿಂಗ್‌ಗಳಲ್ಲಿ ಹೆಚ್ಚಿನವು ಯಂತ್ರಗಳಲ್ಲಿ ಬಳಸುವ ಮಾಮೂಲಿ ಅಳತೆಯವೇ. ರಬ್ಬರ್ ಮುಚ್ಚಳದ ಮೇಲೆ 6902 ಎಂದಿದ್ದರೆ 15 ಮಿಲಿಮೀಟರ್ ಒಳವ್ಯಾಸ, 28 ಹೊರವ್ಯಾಸ, 7 ದಪ್ಪ. ಬೆಮೆಲ್‌ನ ಬುಲ್ಡೋಜರ್‌ಗಳು ತಯಾರಾಗುವ ಊರಿನಲ್ಲಿ ಆ ನಂಬರ್ ಹೇಳಿದರೆ ಬೇರಿಂಗ್ ಅಂಗಡಿಯವರು ಯಾವ ಗಾಡಿಗೆ ಎಂದೂ ಕೇಳದೆ ಡಬ್ಬಿ ತೆಗೆದಿಡುತ್ತಾರೆ.