ರೈತನ ಮಾತಿಗೆ ಎಷ್ಟು ಅಂಕ?

ಅಕ್ಕನ ಮಗಳು ಬೆಂಗಳೂರಿನಲ್ಲಿ ಐಜಿಸಿಎಸ್‌ಇ ಓದುತ್ತಿದ್ದಾಳೆ. ಅವಳ ಗ್ಲೋಬಲ್ ಪರ್ಸ್‌ಪೆಕ್ಟಿವ್ಸ್ ಲಿಖಿತ ಪರೀಕ್ಷೆಯ ಸ್ವರೂಪ ಕೇಳಿ ನನಗೆ ಹೊಟ್ಟೆಕಿಚ್ಚೇ ಆಯಿತು. 70 ಅಂಕ. ನೀರೋ ವಲಸೆಯೋ ಬಡತನವೋ, ಯಾವುದಾದರೂ ಒಂದು ಜಾಗತಿಕ ವಿಷಯದ ಮೇಲೆ ಕೆಲವು ಆಕರಗಳನ್ನು ಕೈಗೆ ಕೊಡುತ್ತಾರೆ. ಓದು, ತೂಗಿ ನೋಡು, ಬರೆ. ಗೈಡ್ ಉರು ಹೊಡೆದು ಬೆಳೆದ ನಮಗೆ ಇಂಥದ್ದೊಂದು ಪರೀಕ್ಷೆ ಸಿಕ್ಕಿರಲಿಲ್ಲ.

ಹಾಗೆಂದು ಉರು ಹೊಡೆಯುವುದು ತಪ್ಪಿದೆಯೇ? ಟ್ಯೂಷನ್‌ನಲ್ಲಿ ಕೊಟ್ಟ ಹಾಳೆಯ ಮೇಲೆ ‘ರೇವನ್’ ಎಂದು ದಪ್ಪಕ್ಷರದಲ್ಲಿತ್ತು. ಐದು ಇಂಗ್ಲಿಷ್ ಪದಗಳ ಮೊದಲಕ್ಷರ ಅದು: ಹೇಳುವವರ ಹೆಸರು ಹೇಗಿದೆ, ಕಣ್ಣಾರೆ ಕಂಡವರೇ, ಅವರಿಗೇನು ಲಾಭ, ವಿಷಯ ಬಲ್ಲವರೇ, ತಟಸ್ಥರೇ. ಅವಳ ಆರು ಉತ್ತರ ಓದಿದೆ. ‘ಇವರಿಗೆ ಸ್ವಹಿತವಿದೆ, ಆದ್ದರಿಂದ ನಂಬುವುದು ಕಷ್ಟ’ ಎಂಬ ಸಾಲು ಆರರಲ್ಲೂ ಇತ್ತು, ಉಪ್ಪಿನಕಾಯಿಯಂತೆ ಎಲೆಯ ಅದೇ ಮೂಲೆಯಲ್ಲಿ.

ಗಡಿಯಾರ ಓಡುತ್ತಿರುವಾಗ ಇಂಥ ಊರುಗೋಲು ಬೇಕಾಗುತ್ತದೆ, ಒಪ್ಪುತ್ತೇನೆ. ನನ್ನ ತಕರಾರು ಆ ‘ಆದ್ದರಿಂದ’ದ ಮೇಲೆ.

ಒಂದು ಭಾನುವಾರ ಕಾವೇರಿಯನ್ನೇ ಎತ್ತಿಕೊಂಡೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಪಾಲನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು. ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಸಿಕ್ಕ 14.75ರಲ್ಲಿ 4.75 ಟಿಎಂಸಿ ಬೆಂಗಳೂರಿಗೆಂದು ಹೇಳಿತು. ಇದರ ಮೇಲೆ ಮೂರು ಮಾತು ನಾನೇ ಕಟ್ಟಿ ಬರೆದುಕೊಟ್ಟೆ: ಮಂಡ್ಯ ಕಡೆಯ ನಾಲೆಯ ಕೊನೇ ಭಾಗದ ರೈತನದು, ತಂಜಾವೂರಿನ ರೈತನದು, ಬೆಂಗಳೂರಿನ ಅಪಾರ್ಟ್‌ಮೆಂಟ್ ನಿವಾಸಿಯದು. ರೈತರಿಬ್ಬರಿಗೂ ಸ್ವಹಿತ, ನಿವಾಸಿ ಮಾತ್ರ ತಟಸ್ಥ ಎಂದು ಬರೆದಳು.

“ಅವರ ನಲ್ಲಿಯಲ್ಲಿ ಬರೋದು ಯಾವ ನೀರು?” ಎಂದೆ.

“ಅಯ್ಯೋ, ಕಾವೇರಿ! ಆದರೆ ಚಿಕ್ಕಮ್ಮ, ಅವರು ಗಲಾಟೆ ಮಾಡಿಲ್ವಲ್ಲ.”

ತೊರೆಕಾಡನಹಳ್ಳಿಯಿಂದ ಪಂಪು ಮಾಡಿ ತರುವ ನೀರು ಕುಡಿಯುವವನು, ದನಿ ಏರಿಸಲಿಲ್ಲವೆಂಬ ಒಂದೇ ಕಾರಣಕ್ಕೆ ನಿಷ್ಪಕ್ಷಪಾತಿಯಾಗಿಬಿಟ್ಟ! ಅತ್ತ ನಾಲೆಗೆ ನೀರು ಬಿಟ್ಟದ್ದು ಯಾವತ್ತು, ತನ್ನ ಗದ್ದೆಗೆ ಬಂದದ್ದು ಯಾವತ್ತು ಎಂದು ಕೊನೇ ಭಾಗದ ರೈತ ಲೆಕ್ಕ ಇಟ್ಟಿರುತ್ತಾನೆ. ಪೈರು ಅವನದು, ಅದಕ್ಕೇ ಇಟ್ಟಿರುತ್ತಾನೆ. ಕಣ್ಣಾರೆ ಕಂಡವನೂ ಸ್ವಹಿತವುಳ್ಳವನೂ ಒಬ್ಬನೇ. ಹಾಳೆಯಲ್ಲಿ ಮಾತ್ರ ಅವು ಬೇರೆ ಬೇರೆ ಸಾಲು, ಒಂದಕ್ಕೆ ಸರಿ ಗುರುತು, ಇನ್ನೊಂದಕ್ಕೆ ತಪ್ಪು.

ಈ ಪರೀಕ್ಷೆಯ ನಿಜವಾದ ಸತ್ವ, ಒಂದು ಹೇಳಿಕೆಯನ್ನು ಪರೀಕ್ಷಿಸುವುದು ಹೇಗೆ ಎಂದು ಕೇಳುವ ಪ್ರಶ್ನೆಯಲ್ಲಿದೆ. ತಯಾರಿಯಲ್ಲಿ ಹೆಚ್ಚು ಸೊರಗುವುದೂ ಅದೇ. 2024ರ ಮಾರ್ಚ್‌ನಲ್ಲಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಬೆಂಗಳೂರು ಜಲಮಂಡಳಿ ಆದೇಶಿಸಿತ್ತಲ್ಲ, ಆ ನೆನಪಿನಲ್ಲಿ ‘ನೀರಿನ ಅಭಾವಕ್ಕೆ ಜನ ಪೋಲು ಮಾಡುವುದೇ ಕಾರಣ’ ಎಂಬ ಹೇಳಿಕೆ ಕೊಟ್ಟೆ. ‘ಸಮೀಕ್ಷೆ, ಸಂದರ್ಶನ, ಇಂಟರ್‌ನೆಟ್’ ಎಂದು ಬಂತು ಉತ್ತರ. ಯಾರನ್ನು, ಏನು ಕೇಳುತ್ತೀ ಎಂದು ಎರಡು ಸಲ ಕೆದಕಿದ ಮೇಲೆ ಎರಡು ಬೇಸಿಗೆಯ ಮೀಟರ್ ಬಿಲ್ಲು, ಬೋರ್‌ವೆಲ್ ಬತ್ತಿದ ತಿಂಗಳು, ಟ್ಯಾಂಕರ್ ಬಂದ ದಿನಗಳು ಹಾಳೆಗಿಳಿದವು.

ಟ್ಯಾಂಕರ್ ವಿಚಾರ ಕೇಳಲು ನೋಟ್‌ಬುಕ್ ಹಿಡಿದು ವಾಚ್‌ಮನ್ ಹತ್ತಿರ ಇಳಿದುಹೋದಳು. ಅವನು ಉತ್ತರಕ್ಕೆ ಮೊದಲು, “ಯಾಕವ್ವಾ, ಅಸೋಸಿಯೇಷನ್‌ನೋರು ಕೇಳ್ಕೊಂಡ್ ಬಾ ಅಂದ್ರಾ?” ಎಂದನಂತೆ. ನೋಟ್‌ಬುಕ್ಕಿನ ಮೊದಲ ಸಾಲಲ್ಲಿ ಅದೇ ಇತ್ತು.