ನೆಲದ ಚಿತ್ರ, ಬೆಳಕಿನ ಚಿತ್ರ: 'ವರ್ಧಿತ ವಾಸ್ತವ' ಪರಿಕಲ್ಪನೆಯ ಒಂದು ಜಾನಪದೀಯ ಪರಿಶೀಲನೆ

ದಕ್ಷಿಣ ಬೆಂಗಳೂರಿನ ಮಾಲೊಂದರ ನೆಲದ ಮೇಲೆ ಚಾವಣಿಯಿಂದ ಬೀಳುವ ಬೆಳಕು ಒಂದು ಕೊಳವನ್ನು ಮೂಡಿಸುತ್ತದೆ. ಮಕ್ಕಳು ಕಾಲಿಟ್ಟೊಡನೆ ಅಲೆಗಳೇಳುತ್ತವೆ, ಮೀನುಗಳು ಚದುರುತ್ತವೆ. ಹಬ್ಬದ ದಿನಗಳಲ್ಲಿ ಅದೇ ಸ್ಥಳದಲ್ಲಿ ಕೊಳದ ಬದಲು ರಂಗೋಲಿ ಮೂಡಿದ್ದನ್ನು ಪ್ರಸ್ತುತ ಲೇಖಕ ಕಂಡದ್ದುಂಟು. ಪಕ್ಕದ ಫಲಕ ಅದನ್ನು 'ಆಗ್ಮೆಂಟೆಡ್ ರಿಯಾಲಿಟಿ ರಂಗೋಲಿ' ಎಂದು ಕರೆದಿತ್ತು. ಈ ಹೆಸರಿನಲ್ಲಿರುವ ಎರಡು ಭಾಗಗಳನ್ನೂ ಪ್ರಶ್ನಿಸಬೇಕಾಗಿದೆ.

ಮೊದಲು ಯಂತ್ರದ ಕ್ರಮವನ್ನು ಗಮನಿಸಬಹುದು. ಮೇಲೆ ಪ್ರೊಜೆಕ್ಟರು, ಅದರ ಬಳಿ ಅತಿಗೆಂಪು ಕಿರಣಗಳನ್ನು ಗ್ರಹಿಸುವ ಕ್ಯಾಮೆರಾ. ಸಾಮಾನ್ಯ ಕ್ಯಾಮೆರಾ ಆಗಿದ್ದರೆ ಪ್ರೊಜೆಕ್ಟರು ಚೆಲ್ಲಿದ ಚಿತ್ರದ ಚಲನೆಯನ್ನೇ ಮನುಷ್ಯರ ಚಲನೆಯೆಂದು ಭಾವಿಸುವ ಅಪಾಯವಿದೆ. ಖಾಲಿ ನೆಲಕ್ಕೂ ಮನುಷ್ಯ ನಿಂತ ನೆಲಕ್ಕೂ ಇರುವ ವ್ಯತ್ಯಾಸವನ್ನು ಗಣಕ ಲೆಕ್ಕ ಹಾಕಿ ಚಿತ್ರವನ್ನು ಬದಲಿಸುತ್ತದೆ. ಇದರ ಪೂರ್ವರೂಪವನ್ನು ಮೈರನ್ ಕ್ರೂಗರ್ 1970ರ ದಶಕದಲ್ಲಿ ರೂಪಿಸಿದ 'ವಿಡಿಯೋಪ್ಲೇಸ್'ನಲ್ಲಿ ಕಾಣಬಹುದು. 'ಆಗ್ಮೆಂಟೆಡ್ ರಿಯಾಲಿಟಿ' ಎಂಬ ಮಾತಾದರೋ ಬೋಯಿಂಗ್ ಸಂಸ್ಥೆಯ ಕಾಡೆಲ್ ಮತ್ತು ಮಿಜೆಲ್ ಅವರ 1992ರ ಪ್ರಬಂಧದ ಮೂಲಕ ಬಳಕೆಗೆ ಬಂದಿತು. ಅಂದರೆ ವಸ್ತು ಮೊದಲು, ಹೆಸರು ಆಮೇಲೆ.

ರೊನಾಲ್ಡ್ ಅಜುಮಾ 1997ರಲ್ಲಿ ನೀಡಿದ ವ್ಯಾಖ್ಯೆ ಇಂದಿಗೂ ಹೆಚ್ಚು ಉಲ್ಲೇಖಗೊಳ್ಳುತ್ತದೆ. ಅದರ ಪ್ರಕಾರ ವಾಸ್ತವ ಮತ್ತು ಕೃತಕಗಳು ಬೆರೆಯಬೇಕು, ಪ್ರತಿಕ್ರಿಯೆ ತತ್‌ಕ್ಷಣದ್ದಾಗಿರಬೇಕು, ಕೃತಕ ಚಿತ್ರವು ವಾಸ್ತವದ ಮೂರು ಆಯಾಮಗಳೊಡನೆ ತಾಳೆಯಾಗಬೇಕು. ನೆಲದ ಕೊಳ ಮೊದಲ ಎರಡನ್ನು ಸುಲಭವಾಗಿ ದಾಟುತ್ತದೆ, ಮೂರನೆಯದರಲ್ಲಿ ಎಡವುತ್ತದೆ. ಕನ್ನಡಕ ಅಥವಾ ಮೊಬೈಲು ಬಳಸಿಲ್ಲವೆಂಬುದು ಇದಕ್ಕೆ ಕಾರಣವಲ್ಲ. ರಮೇಶ್ ರಾಸ್ಕರ್ ಮತ್ತು ಸಂಗಡಿಗರು 1998ರಲ್ಲಿಯೇ ಪ್ರೊಜೆಕ್ಟರಿನಿಂದ ವಸ್ತುಗಳ ಮೇಲೆ ನೇರವಾಗಿ ಚಿತ್ರ ಹೊಂದಿಸುವುದನ್ನು 'ಸ್ಪೇಷಿಯಲಿ ಆಗ್ಮೆಂಟೆಡ್ ರಿಯಾಲಿಟಿ' ಎಂದು ಸಮರ್ಥವಾಗಿ ಪ್ರತಿಪಾದಿಸಿದ್ದಾರೆ. ತೊಡಕಿರುವುದು ಬೇರೆಡೆ. ಮಗು ಕೊಳದ ನಡುವೆ ನಿಂತಾಗ ಮೀನು ಅದರ ತಲೆಗೂದಲ ಮೇಲೆ, ಅಂಗಿಯ ಮೇಲೆ ಈಜುತ್ತದೆ. ಮಗುವಿಗೊಂದು ಎತ್ತರವಿದೆಯೆಂಬುದನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಂಡೇ ಇಲ್ಲ. ನೆಲವೂ ಅದಕ್ಕೆ ನೆಲವಲ್ಲ, ಮಲಗಿಸಿದ ಒಂದು ಪರದೆ. ಆದ್ದರಿಂದ ಇದನ್ನು 'ಪ್ರತಿಸ್ಪಂದಿ ಬೆಳಕಿನ ಚಿತ್ರ'ವೆಂದು ಕರೆಯುವುದೇ ಯುಕ್ತ.

ಇಂತಹ ಸಂದರ್ಭಗಳಲ್ಲಿ ನಮ್ಮ ಜಾನಪದ ಅಧ್ಯಯನಕಾರರು ಒಂದು ಆಮಿಷಕ್ಕೆ ಒಳಗಾಗುವುದುಂಟು: ಇವೆಲ್ಲವೂ ನಮ್ಮಲ್ಲಿ ಹಿಂದೆಯೇ ಇದ್ದವು ಎಂಬ ಹೆಮ್ಮೆ. ತೊಗಲುಗೊಂಬೆಯಾಟದ ಪರದೆ ಮತ್ತು ದೀಪವನ್ನು ಪ್ರೊಜೆಕ್ಟರಿನ ಮೂಲವೆಂದು ಬಣ್ಣಿಸಿದ ಭಾಷಣಗಳನ್ನು ಕೇಳಿದ್ದೇವೆ. ಹೋಲಿಕೆ ನಿಜ, ಮೂಲವೆಂಬುದಕ್ಕೆ ಆಧಾರವಿಲ್ಲ. ರಂಗೋಲಿಯ ವಿಷಯದಲ್ಲಿಯೂ ಅದೇ ಎಚ್ಚರ ಬೇಕು. ಹೊಸಿಲಿನ ಮುಂದಿನ ರಂಗೋಲಿಯು ತಾನು ಬಿದ್ದ ಸ್ಥಳದೊಂದಿಗೆ ತಾಳೆಯಾಗುತ್ತದೆ; ಒಳಗು ಹೊರಗುಗಳ ಗಡಿಯನ್ನು ಅದು ಬಲ್ಲದು. ಯಂತ್ರಕ್ಕೆ ಸಾಧ್ಯವಾಗದ ಮೂರನೆಯ ಲಕ್ಷಣಕ್ಕೆ ಅದು ಈ ಅರ್ಥದಲ್ಲಿ ಹತ್ತಿರವೆನ್ನಬಹುದು. ಆದರೆ ಅದು ತತ್‌ಕ್ಷಣ ಪ್ರತಿಕ್ರಿಯಿಸುವುದಿಲ್ಲ. ಪ್ರತಿಕ್ರಿಯಿಸುವವರು ನಾವು. ತುಳಿಯಬೇಡವೆಂದು ಅಜ್ಜಿ ಗದರುತ್ತಾಳೆ. ಹಾಲಿನವನೂ ಪೇಪರಿನ ಹುಡುಗನೂ ಕಾಲನ್ನು ಬದಿಗೆ ಸರಿಸುತ್ತಾರೆ. ಮಾಲಿನಲ್ಲಿ ಚಿತ್ರ ಕಾಲಿಗೆ ಮಣಿಯುತ್ತದೆ, ಮನೆಯ ಮುಂದೆ ಕಾಲು ಚಿತ್ರಕ್ಕೆ ಮಣಿಯುತ್ತದೆ.

ಇದಕ್ಕೆ ಕರಾವಳಿಯ ನಾಗಮಂಡಲ ಅಪವಾದದಂತೆ ತೋರಬಹುದು. ಬಿಳಿ, ಅರಿಶಿನ, ಕೆಂಪು, ಹಸಿರು, ಕಪ್ಪು ಹುಡಿಗಳಿಂದ ಬಿಡಿಸಿದ ಮಂಡಲದ ಸುತ್ತ ನಾಗಪಾತ್ರಿಯೂ ವೈದ್ಯರೂ ರಾತ್ರಿಯಿಡೀ ಕುಣಿಯುತ್ತಾರೆ, ಕೊನೆಗೆ ಮಂಡಲ ಅಳಿಯುತ್ತದೆ. ಇಲ್ಲಿ ತುಳಿತಕ್ಕೆ ಅವಕಾಶವಿದೆ, ಆದರೆ ಅದಕ್ಕೊಂದು ಕಾಲ, ಅಧಿಕಾರ ಮತ್ತು ಬೆಲೆಯಿದೆ: ಅಳಿದದ್ದು ಮರಳಿ ಬಾರದು. ಬೆಳಕಿನ ರಂಗೋಲಿಯಾದರೋ ಕಾಲೆತ್ತಿದ ಕೆಲವೇ ಕ್ಷಣಗಳಲ್ಲಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಏನನ್ನೂ ಕಳೆದುಕೊಳ್ಳದ ಚಿತ್ರವನ್ನು ಯಾರೂ ಕಾಯಬೇಕಾಗಿಲ್ಲ.

ಯಂತ್ರವನ್ನು ಹಳಿಯುವುದು ಇಲ್ಲಿನ ಉದ್ದೇಶವಲ್ಲ. ಆ ಮಕ್ಕಳ ಸಂತೋಷ ನಿಜವಾದುದು. ಜಯನಗರ, ಬನಶಂಕರಿಗಳ ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲ ಮುಂದೆ ಸಗಣಿ ಸಾರಿಸುವ ನೆಲವೇ ಇಲ್ಲ. ಅಚ್ಚಿನ ರಂಗೋಲಿ, ಅಂಟಿಸುವ ರಂಗೋಲಿಗಳು ಬಂದು ಬಹುಕಾಲವಾಯಿತು. ಶುದ್ಧ ರೂಪವೊಂದು ಉಳಿದಿದೆಯೆಂದು ವಾದಿಸುವುದು ಆತ್ಮವಂಚನೆ. ಆದರೂ ಅಂಟಿಸುವ ರಂಗೋಲಿಯನ್ನು ಒಬ್ಬಾಕೆ ಆರಿಸಿ, ಬಾಗಿ, ತನ್ನ ಹೊಸಿಲಿಗೆ ನೇರ ಮಾಡಿ ಅಂಟಿಸುತ್ತಾಳೆ.

ಪ್ರಶ್ನೆ ನಿಜವಾಗಿ ಎದುರಾಗುವುದು ದಾಖಲೀಕರಣದಲ್ಲಿ. ಸಂಗ್ರಹಾಲಯಗಳೂ ವಿಶ್ವವಿದ್ಯಾಲಯಗಳೂ ಡಿಜಿಟಲ್ ಸೂಚಿಗಳನ್ನು ಸಿದ್ಧಪಡಿಸುತ್ತಿರುವಾಗ ಇದನ್ನು 'ರಂಗೋಲಿ' ಶೀರ್ಷಿಕೆಯಡಿ ಸೇರಿಸಿದರೆ, ಚುಕ್ಕಿಯ ಲೆಕ್ಕ, ಎಳೆಯ ಕ್ರಮ, ತಾಯಿಯಿಂದ ಕಲಿತ ಬಗೆ ಇವೆಲ್ಲ ಒಂದು ಫೈಲಿನ ಹೆಸರಿಗೆ ಕುಗ್ಗುತ್ತವೆ. ಪ್ರತ್ಯೇಕ ನಮೂದು ಅಗತ್ಯ. ಅದರಲ್ಲಿ ಬಿಡಿಸಿದವರ ಹೆಸರು, ವಿನ್ಯಾಸ ಯಾರ ಕೈಯಿಂದ ಪಡೆದದ್ದು, ಯಾವ ಹಬ್ಬದ್ದು ಎಂಬ ಮೂರು ಅಂಕಣಗಳಿರಲಿ. ಮಾಲಿನ ಫಲಕದಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಯಂತ್ರ ಅಳವಡಿಸಿದವರ ದೂರವಾಣಿ ಸಂಖ್ಯೆಯಿತ್ತು.